ಸಾಮಾನಿನ ಕೋಣೆ, ಜನರಿಲ್ಲ

ಎರಡು ವರ್ಷ ನಾನು ಮಾಡಿದ ಕೆಲಸವನ್ನು ನಮ್ಮ ಅತ್ತೆ, ಮನೆಗೆ ಬಂದವರಿಗೆಲ್ಲ, ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು: "ನಮ್ಮ ಸೊಸಿ ಕಂಪ್ಯೂಟರನ್ಯಾಗ ಮನಿ ಕಟ್ಟತಾಳ್ರಿ." ಕೇಳಿದವರು ನಗುತ್ತಿದ್ದರು, ಅತ್ತೆಯೂ ನಗುತ್ತಿದ್ದರು. ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ಈಗ ನೋಡಿದರೆ ನನ್ನ ಕೆಲಸವನ್ನು ಅಷ್ಟು ಸರಿಯಾಗಿ ನನ್ನ ಮೇಲಿನವರೂ ಹೇಳಿರಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ಊರುಗಳನ್ನು ಒಂದು ಮನೆಯನ್ನೂ ಬಿಡದೆ ಕಂಪ್ಯೂಟರಿನೊಳಗೆ ಕಟ್ಟುವುದೇ ನಮ್ಮ ಕೆಲಸವಾಗಿತ್ತು. ಮೇಲೆ ಡ್ರೋನ್ ಹಾರಿಸಿ ಚಿತ್ರ ತೆಗೆಯುವವರು ಬೇರೆ. ಅವರು ಹೋದ ಮೇಲೆ ಓಣಿ ಓಣಿ ಅಲೆದು, ಬಾಗಿಲು ಬಡಿದು, ಒಳಗೇನಿದೆ, ಯಾರಿದ್ದಾರೆ ಎಂದು ಕೇಳಿ ತುಂಬುವವರು ನಾವು, ಗುತ್ತಿಗೆಯ ಮೇಲೆ ತೆಗೆದುಕೊಂಡ ಹತ್ತು ಹನ್ನೆರಡು ಜನ.

ಇಷ್ಟೆಲ್ಲ ಯಾತಕ್ಕೆಂದರೆ ಬಿಸಿಲಿಗಾಗಿ. ನಮ್ಮ ಕಡೆಯ ಬಿಸಿಲನ್ನು ಯಾರಿಗೂ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಊರಿನೊಳಗೆ ಅದು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಎಲ್ಲಿ ಗಿಡ ಹಚ್ಚಿದರೆ, ಯಾವ ಮಾಳಿಗೆಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿದರೆ ಎಷ್ಟು ಇಳಿಯುತ್ತದೆ ಎಂದು ಆ ಕಂಪ್ಯೂಟರ್ ಊರು ಲೆಕ್ಕ ಹಾಕಿ ಹೇಳುತ್ತಿತ್ತು. ಅದು ಹೇಳಿದಂತೆ ನಾವು ಓಡಾಡುವ ಈ ಊರಿನಲ್ಲಿ ಕೆಲಸ ನಡೆಯಬೇಕು. ಪ್ರತಿ ಮನೆಗೂ ಒಂದು ಫಾರ್ಮು. ಟ್ಯಾಬಿನಲ್ಲಿ ಮನೆಯ ಮೇಲೆ ಬೆರಳಿಟ್ಟರೆ ಅದು ತೆರೆದುಕೊಳ್ಳುತ್ತಿತ್ತು. ಮಾಳಿಗೆ ಮಣ್ಣಿನದೋ, ಸ್ಲ್ಯಾಬೋ, ತಗಡೋ? ಯಾವ ಕೋಣೆ ಯಾತಕ್ಕೆ ಬಳಸುತ್ತಾರೆ? ನಡು ಮಧ್ಯಾಹ್ನ ಒಳಗೆ ಎಷ್ಟು ಜನ ಇರುತ್ತಾರೆ? ಬಣ್ಣ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಹಾಗಾಗಿ ಮಾಳಿಗೆ ಹೆಚ್ಚು ಕಾಯಬೇಕು, ಅದರ ಕೆಳಗೆ ಜನರೂ ಹೆಚ್ಚು ಇರಬೇಕು, ಅಂಥವರಿಗೆ ಮೊದಲು. ಕಾದರೂ ಕೆಳಗೆ ಯಾರೂ ಇಲ್ಲದ ಮಾಳಿಗೆಗಳ ಪಾಳಿ ಆಮೇಲೆ. ಇದರಲ್ಲಿ ಅನ್ಯಾಯವೇನೂ ಇರಲಿಲ್ಲ. ತರಬೇತಿಯಲ್ಲಿ ಇದನ್ನು ಕೇಳಿದಾಗ, ಒಮ್ಮೆಯಾದರೂ ಸರಕಾರದ ಕೆಲಸ ತಲೆ ಇಟ್ಟುಕೊಂಡು ನಡೆದಿದೆ ಎಂದು ನಾನು ಪಕ್ಕದವಳಿಗೆ ಹೇಳಿದ್ದೆ.

ಕೆಲಸದಲ್ಲಿ ಸಂತೋಷವೂ ಇತ್ತು. ಬೀಳಗಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ನೀರು ಕೊಟ್ಟು, ಲ್ಯಾಪ್‌ಟಾಪಿನಲ್ಲಿ ತಮ್ಮ ಮನೆ ತೋರಿಸಲು ಹೇಳಿದರು. ತೋರಿಸಿದೆ. ಅಂಗಳ ಕೆಂಪಗಿತ್ತು, ಕೆಂಪೆಂದರೆ ಹೆಚ್ಚು ಬಿಸಿ. "ಇದರಾಗರ ಒಂದ ಬೇವಿನ ಗಿಡ ಹಚ್ಚವಾ, ನೋಡೂಣು" ಎಂದರು. ನಾನು ಅವರ ಬಾಗಿಲ ಮುಂದೆ ಒಂದು ಗಿಡ ಇಟ್ಟೆ. ಸ್ವಲ್ಪ ಹೊತ್ತಿಗೆ ಕೆಂಪು ಹೋಗಿ ಅಂಗಳ ಹಳದಿಯಾಯಿತು. ಮಾಸ್ತರರು ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಖರೇನ ಹಚ್ಚಿದ್ರೂ ಇಷ್ಟ ತಂಪ ಆಕ್ಕೈತೇನವಾ?" "ಆಕ್ಕೈತ್ರಿ ಸರ್, ದೊಡ್ಡದ ಆದಮ್ಯಾಲೆ." "ಅಲ್ಲೀತನಕ ನಾ ಇರಬೇಕಲ್ಲ" ಎಂದು ಅವರು ನಕ್ಕರು. ಮುಧೋಳದಲ್ಲಿ ಒಬ್ಬಾಕೆ, ಬಚ್ಚಲ ಮನೆಯ ಮಾಳಿಗೆಯೂ ಮೇಲಿನಿಂದ ಕಾಣುತ್ತದೆಯೇ ಎಂದು ಕೇಳಿದಳು. ಕಾಣುತ್ತದೆ ಎಂದಿದ್ದೇ ತಪ್ಪಾಯಿತು. ನಮ್ಮ ಮುಖದ ಮೇಲೆ ಬಾಗಿಲು ಹಾಕಿಕೊಂಡಳು. ಇಂಥವುಗಳನ್ನು ಮನೆಗೆ ಬಂದು ಅತ್ತೆಗೆ ಹೇಳುವುದು, ಹಾಸಿಗೆ ಹಿಡಿದ ಅವರನ್ನು ನಗಿಸುವುದು ನನ್ನ ಸಂಜೆಯ ಕೆಲಸವಾಗಿತ್ತು.

ನಾನಿರುವುದು ಜಮಖಂಡಿಯ ಒಂದು ಕಾಲನಿಯಲ್ಲಿ. ತವರು ಬನಹಟ್ಟಿ. ಅಕ್ಕನನ್ನು ಕೊಟ್ಟದ್ದೂ ಬನಹಟ್ಟಿಯಲ್ಲೇ, ನಮ್ಮ ಓಣಿಯಿಂದ ಎರಡು ಓಣಿ ಆಚೆ. ಅಕ್ಕನ ಗಂಡ, ನಮ್ಮ ಮಾವ, ಟಂಟಂ ರಿಕ್ಷಾ ಹೊಡೆಯುತ್ತಾನೆ, ಅಕ್ಕ ಮಗ್ಗ ನಡೆಸುತ್ತಾಳೆ. ಮನೆಯ ಹಿಂದೆ ತಗಡು ಹೊದಿಸಿದ ಒಂದು ಉದ್ದ ಕೋಣೆ, ಅದರಲ್ಲಿ ಎರಡು ಪಾವರ್‌ಲೂಮು. ನೇಕಾರರ ಮನೆ ನೋಡದವರಿಗೆ ಒಂದು ಮಾತು ಹೇಳಬೇಕು. ಬೇಸಿಗೆಯಲ್ಲಿ ಉಳಿದವರೆಲ್ಲ ಕಿಟಕಿ ತೆರೆದಿಟ್ಟು ಫ್ಯಾನು ಹಾಕಿಕೊಂಡರೆ ನೇಕಾರರು ಕಿಟಕಿ ಮುಚ್ಚುತ್ತಾರೆ. ಒಣಗಾಳಿ ಆಡಿದರೆ ಹತ್ತಿಯ ಎಳೆ ಪಟಪಟ ಹರಿಯುತ್ತದೆ. ಒಂದು ಎಳೆ ಹರಿದರೆ ಮಗ್ಗ ನಿಲ್ಲಿಸಬೇಕು, ಹುಡುಕಬೇಕು, ಗಂಟು ಹಾಕಬೇಕು. ಅದಕ್ಕೆ ಕಿಟಕಿಗೆ ಹಸಿ ಗೋಣಿಚೀಲ ಇಳಿಬಿಟ್ಟು, ನೆಲಕ್ಕೆ ನೀರು ಹೊಡೆದು, ಫ್ಯಾನಿನ ಗುಂಡಿ ಮುಟ್ಟದೆ, ಮೇಲೆ ಕಾದ ತಗಡು, ಕೆಳಗೆ ಹಬೆ, ನಡುವೆ ಅಕ್ಕ. ಸಮೀಕ್ಷೆಯ ಹಿಂದಿನ ಬೇಸಿಗೆಯಲ್ಲಿ ಅವಳು ಮಗ್ಗದ ಮುಂದೆ ತಲೆ ತಿರುಗಿ ಕುಸಿದಿದ್ದಳು. ಕೈ ಲಾಳಿಯ ಹತ್ತಿರ ಹೋಗಿತ್ತು, ಸ್ವಲ್ಪದರಲ್ಲಿ ಉಳಿಯಿತು. ಇನ್ನೊಂದು ಬೇಸಿಗೆ ಅವಳು ಆ ತಗಡಿನ ಕೆಳಗೆ ಹೇಗೆ ಕಳೆಯುತ್ತಾಳೆ ಎಂಬ ಹೆದರಿಕೆ ಆಗಿನಿಂದ ನನ್ನ ಎದೆಯಲ್ಲಿ ಕೂತಿತ್ತು. ಈ ಕೆಲಸ ಸಿಕ್ಕಾಗ ನಾನು ಮೊದಲು ನೆನೆದದ್ದು ಆ ತಗಡನ್ನೇ. ಬಿಳಿ ಬಣ್ಣ ಬಂದರೆ ಅಕ್ಕನ ಓಣಿಗೇ ಮೊದಲು ಬರಬೇಕು, ಬಂದೇ ಬರುತ್ತದೆ ಎಂದುಕೊಂಡಿದ್ದೆ.

ದೀಪಾವಳಿ ಮುಗಿದ ಮೇಲೆ ಬನಹಟ್ಟಿಯ ಪಾಳಿ ಬಂತು. ತವರೂರೆಂದು ನನಗೇ ಕೊಟ್ಟರು. ಅಕ್ಕನ ಓಣಿಯ ಮೊದಲನೇ ಮನೆಯಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ಬಂದಳು. ಹಿಂದೆ ಒಳಗೆ ಮಗ್ಗ ಖಟಾಖಟ್ ಬಡಿಯುತ್ತಿತ್ತು. ನಾನು ಮಗ್ಗ ಎಷ್ಟಿವೆ ಎಂದು ಕೇಳಿದೆ. ಆ ಸದ್ದಿನಲ್ಲಿ ಕೇಳಿಸಬೇಕಲ್ಲ, ಅವಳು ಗಂಟಲು ಹರಿದುಕೊಂಡು ಕೂಗಿದಳು: "ಮಗ್ಗಾ? ನಮ್ಮ ಮನ್ಯಾಗ ಎಲ್ಲೀ ಮಗ್ಗವಾ? ಇಲ್ಲ!" ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಬ್ಬರೂ ನಗಲಿಲ್ಲ. ಎರಡನೇ ಮನೆಯಲ್ಲೂ ಅದೇ ಮಾತು. ಮೂರನೇ ಮನೆಯ ಮುದುಕಿ ಭುಜದ ಮೇಲೆ ನೂಲಿನ ಲಡಿ ಹಾಕಿಕೊಂಡೇ ಇಲ್ಲವೆಂದಳು.

ಕಾರಣ ನನಗೆ ಗೊತ್ತಿತ್ತು. ನಾಲ್ಕಾರು ವರ್ಷಗಳ ಹಿಂದೆ ಯಾರೋ ಬಂದು ಮಗ್ಗ ಬರೆದುಕೊಂಡು ಹೋಗಿದ್ದರು. ಅದರ ಹಿಂದೆಯೇ ಒಂದು ಸುದ್ದಿ ಹಬ್ಬಿತು, ಮನೆಯೊಳಗೆ ಮೋಟಾರು ಓಡಿಸುವುದು ಬಂದ್ ಮಾಡುತ್ತಾರೆ, ಊರ ಹೊರಗೆ ಶೆಡ್ಡು ಹಾಕಿ ಮಗ್ಗಗಳನ್ನೆಲ್ಲ ಅಲ್ಲಿಗೆ ಒಯ್ಯುತ್ತಾರೆ ಎಂದು. ಶೆಡ್ಡೂ ಬರಲಿಲ್ಲ, ಯಾರೂ ಏನನ್ನೂ ಬಂದ್ ಮಾಡಲಿಲ್ಲ. ಆದರೆ ಹೆದರಿಕೆ ಉಳಿಯಿತು. ಒಲೆಯ ಮೇಲೆ ಬೇಳೆ ಇಟ್ಟು ಮಗ್ಗ ಚಾಲೂ ಮಾಡಿ, ಎಳೆ ಹರಿದಾಗ ಬಂದು ಕಟ್ಟಿ, ಮತ್ತೆ ಹೋಗಿ ಒಗ್ಗರಣೆ ಹಾಕುವ ಹೆಂಗಸರು ಇವರು. ಮಗ್ಗ ಊರ ಹೊರಗೆ ಹೋದರೆ ಇವರ ಕೈಯಿಂದಲೇ ಹೋದಂತೆ. ಅದಕ್ಕೆ ಕೈಯಲ್ಲಿ ಕಾಗದವೋ ಟ್ಯಾಬೋ ಹಿಡಿದು ಯಾರು ಬಂದರೂ ಬನಹಟ್ಟಿಯಲ್ಲಿ ಮಗ್ಗ ಇರುವುದಿಲ್ಲ.

ಅಕ್ಕನ ಮನೆಯಲ್ಲಿ ನನಗಾಗಿ ಶೇಂಗಾ ಹೋಳಿಗೆ ಕಾಯುತ್ತಿತ್ತು. "ಏನ ಬರಕೋತಿ ಬರಕೋ ಬೇ, ಮಗ್ಗ ಮಾತ್ರ ಬರಿಬ್ಯಾಡ" ಎಂದಳು. "ಅಲ್ಲಕ್ಕಾ, ಇದು ಬ್ಯಾರೆ. ತಗಡಿಗೆ ಬಣ್ಣ ಹಚ್ಚಾಕ." "ಮೊದಲ ಬಂದವರೂ ಏನೋ ಚಲೋದ ಹೇಳಿದ್ರು." ಅಷ್ಟೊತ್ತಿಗೆ ಓಣಿಯ ನಾಲ್ಕು ಹೆಂಗಸರು ಕಟ್ಟೆಗೆ ಬಂದು ಕೂತಿದ್ದರು. ನಾನು ಮನೆಯ ಮಗಳು. ನಾನು ಬರೆದು ಕೊಟ್ಟು ಮಗ್ಗಗಳನ್ನು ಊರ ಹೊರಗೆ ಹಾಕಿಸಿದೆ ಎನ್ನಿಸಿಕೊಳ್ಳುವುದು ನನ್ನಿಂದ ಸಾಧ್ಯವಿರಲಿಲ್ಲ.

ಮೊದಲಿನಿಂದಲೂ ನನಗೊಂದು ರೋಗ. ಶಾಣ್ಯಾಕಿ ಎನ್ನಿಸಿಕೊಳ್ಳುವ ರೋಗ. ತಗಡಿನ ಕೋಣೆ ಡ್ರೋನಿನ ಚಿತ್ರದಲ್ಲಿ ಕಾಣುತ್ತದೆ, ಅದನ್ನು ಖಾಲಿ ಬಿಟ್ಟರೆ ಫಾರ್ಮು ಮುಂದೆ ಹೋಗುವುದಿಲ್ಲ. ಏನಾದರೂ ತುಂಬಲೇಬೇಕು. ನಾನು ಪಟ್ಟಿಯನ್ನು ಮೇಲೆ ಕೆಳಗೆ ಮಾಡಿ ನೋಡಿದೆ. ಸಾಮಾನಿನ ಕೋಣೆ ಎಂಬುದೊಂದು ಇತ್ತು. ಅದನ್ನು ಒತ್ತಿದೆ. ಮಧ್ಯಾಹ್ನ ಒಳಗಿರುವ ಜನ ಎಷ್ಟು ಎಂದು ಕೇಳಿತು. ಸಾಮಾನಿನ ಕೋಣೆಯಲ್ಲಿ ಜನ ಏಕಿರುತ್ತಾರೆ? ಸೊನ್ನೆ ಹಾಕಿದೆ. ಎಷ್ಟು ಚೆಂದ ಕೂತಿತೆಂದರೆ ಅಕ್ಕನ ಮನೆಯಿಂದ ಹಿಡಿದು ಆ ಓಣಿ, ಆಚೆಯ ಓಣಿ, ಅದರಾಚೆಯ ಓಣಿ, ಮೂರು ದಿನದಲ್ಲಿ ಎಲ್ಲವನ್ನೂ ಹಾಗೆಯೇ ತುಂಬಿ ಮುಗಿಸಿದೆ. ಎಲ್ಲ ಮನೆಯಲ್ಲೂ ಚಹಾ ಕೊಟ್ಟರು. "ನಮ್ಮ ಹುಡುಗಿ ಬಂದದ್ದು ಚಲೋ ಆತು ನೋಡ" ಎಂದು ಮುದುಕಿ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ಬಸ್ಸಿನಲ್ಲಿ ಜಮಖಂಡಿಗೆ ಹಿಂತಿರುಗುವಾಗ ಒಂದು ದೊಡ್ಡ ಉಪಕಾರ ಮಾಡಿದ ಸಮಾಧಾನ ನನಗಿತ್ತು. ಸುಳ್ಳು ಬರೆದೆ ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಸಂಕ್ರಾಂತಿಯ ನಂತರ ಜಮಖಂಡಿಯಲ್ಲಿ ಸಭೆ. ನಾಲ್ಕೂ ಊರಿನ ಅಧಿಕಾರಿಗಳು, ಎಂಜಿನಿಯರುಗಳು, ಹಿಂದಿನ ಸಾಲಿನಲ್ಲಿ ನಾವು. ಯೋಜನೆಯ ಮೇಡಂ ಹೊರಗಿನವರು, ನನಗಿಂತ ಹತ್ತು ವರ್ಷ ಚಿಕ್ಕವರು, ನಮ್ಮಂಥವರನ್ನೂ ಹೆಸರು ಹಿಡಿದು ಕರೆದು ಮಾತಾಡಿಸುವ ಒಳ್ಳೆಯ ಹೆಣ್ಣುಮಗಳು. ಅವರು ಗೋಡೆಯ ಮೇಲೆ ಊರುಗಳನ್ನು ತೆರೆದರು. ನಾವು ಒಂದೊಂದೇ ಮನೆಯಾಗಿ ತುಂಬಿದ್ದು ಹೀಗೆ ಎದ್ದು ನಿಂತದ್ದನ್ನು ನಾನು ನೋಡಿದ್ದು ಅವತ್ತೇ. ಖುಷಿಗೆ ಕಣ್ಣಲ್ಲಿ ನೀರು ಬಂತು. ಬಜಾರು, ಬಸ್ ಸ್ಟ್ಯಾಂಡು, ಕೆರೆಯ ದಂಡೆ, ಎಲ್ಲ ಇದ್ದವು. ನಮ್ಮ ಕಾಲನಿ ಬಂತು. ಸ್ಲ್ಯಾಬಿನ ಮನೆಗಳು, ಒಳಗೆ ಹಗಲೆಲ್ಲ ವಯಸ್ಸಾದವರು, ಹಾಸಿಗೆ ಹಿಡಿದವರು. ಮೊದಲ ಹಂತ ಎಂದು ಅದರ ಮೇಲೆ ಗುರುತು ಬಿತ್ತು. ನಮ್ಮ ಅತ್ತೆಯೂ ಆ ಲೆಕ್ಕದಲ್ಲಿ ಒಬ್ಬರು.

ಆಮೇಲೆ ಬನಹಟ್ಟಿ ತೆರೆಯಿತು. ಅಕ್ಕನ ಓಣಿ ಎಲ್ಲಕ್ಕಿಂತ ಕೆಂಪು. ಕೆಂಪು ಹೋಗಿ ಕಪ್ಪಿಗೆ ತಿರುಗಿದಂಥ ಬಣ್ಣ. ಒಬ್ಬ ಅಧಿಕಾರಿ ಅದನ್ನು ತೋರಿಸಿ, ಇಲ್ಲಿಗೆ ಮೊದಲು ಬಣ್ಣ ಹಚ್ಚಬಾರದೇ ಎಂದು ಕೇಳಿದರು. ಮೇಡಂ ಆ ತಗಡುಗಳ ಮೇಲೆ ಒತ್ತಿ ತೋರಿಸಿ, "ಇವು ತುಂಬ ಕಾಯ್ತವೆ ಸರ್, ಆದರೆ ಸಾಮಾನಿನ ಕೋಣೆಗಳು. ಒಳಗೆ ಜನರಿಲ್ಲ. ಜನ ಇರೋ ಕಡೆ ಮೊದಲು ಕೊಡೋಣ" ಎಂದರು. ಅಧಿಕಾರಿ ತಲೆಯಾಡಿಸಿದರು. ಬಣ್ಣ ಬೇರೆ ಓಣಿಗೆ ಹೋಯಿತು. ಅದು ಮುಗಿದು ಮುಂದಿನ ಊರು ತೆರೆಯುವುದಕ್ಕೆ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಎದ್ದು ನಿಂತು ಹೇಳಬೇಕಿತ್ತು. ಮುಂದಿನ ಸಾಲಿನಲ್ಲಿ ಅಷ್ಟು ದೊಡ್ಡವರು ಕೂತಿದ್ದರು. ನಾನು ಏಳಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೆ ಮೇಡಂ ಹತ್ತಿರ ಹೋಗಿ ಹೇಳಿದೆ. ಆ ಕೋಣೆಗಳಲ್ಲಿ ಮಗ್ಗ ಇವೆ, ಮುಂಜಾನೆಯಿಂದ ಸಂಜೆಯವರೆಗೆ ಜನ ಇರುತ್ತಾರೆ, ಫಾರ್ಮು ತಪ್ಪಾಗಿದೆ ಎಂದೆ. "ಯಾರು ತುಂಬಿದ್ದು?" "ನಾನೇರಿ." ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೂ ಬಾಯಿ ಇತ್ತು. ಅವರು ಕುರ್ಚಿ ಎಳೆದು ಕೂತು, ಯಾಕೆ ಎಂದು ಕೇಳಿ, ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನೀವು ಹೇಳಿದ್ದಕ್ಕೆ ನಾನು ಬದಲಾಯಿಸೋಕೆ ಆಗಲ್ಲ. ಇಷ್ಟು ಮನೆ ಒಟ್ಟಿಗೆ ಬದಲಾದರೆ ಮೇಲಿನವರು ಕೇಳ್ತಾರೆ. ಒಂದೊಂದು ಮನೆಯವರೂ ನಮ್ಮಲ್ಲಿ ಮಗ್ಗ ಇದೆ ಅಂತ ಬರೆದು ಸಹಿ ಮಾಡಲಿ. ಮಗ್ಗದ ಫೋಟೋ ಬೇಕು. ಎಂಟು ದಿನ ಸಮಯ ಇದೆ. ಅಷ್ಟರೊಳಗೆ ತಂದರೆ ನಾನೇ ಕೂತು ಲೆಕ್ಕ ಮತ್ತೆ ಹಾಕ್ತೀನಿ." ಅವರಿಂದ ಆಗುವುದನ್ನೆಲ್ಲ ಅವರು ಮಾಡಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ.

ಮರುದಿನವೇ ಬನಹಟ್ಟಿಗೆ ಹೋದೆ. ಅಕ್ಕನ ಕಟ್ಟೆಯ ಮೇಲೆ ಓಣಿಯ ಹೆಂಗಸರನ್ನು ಕೂಡಿಸಿ ಎಲ್ಲ ಬಿಡಿಸಿ ಹೇಳಿದೆ. ಹಾಳೆಗಳನ್ನು ಮುಂದಿಟ್ಟೆ. ಯಾರೂ ಪೆನ್ನು ಮುಟ್ಟಲಿಲ್ಲ.

"ಹೋದ ಸಲ ನೀನ ಇಲ್ಲಂತ ಬರದಿ. ಈಗ ನೀನ ಐತಂತ ಬರೀರಿ ಅಂತಿ" ಎಂದಳು ಮೊದಲನೇ ಮನೆಯವಳು.

"ಆಗ ನನಗ ತಿಳೀಲಿಲ್ಲ."

"ಈಗ ತಿಳದೈತಿ ಅಂತ ನಾವು ಹೆಂಗ ನಂಬೂಣು?"

ನೂಲಿನ ಲಡಿಯ ಮುದುಕಿ ಕೇಳಿದಳು: "ಎವ್ವಾ, ತಗಡ ಹೊರಗ ಐತಿ. ಬಣ್ಣಾ ಹಚ್ಚೂದೂ ಹೊರಗ. ಒಳಗಿನ ಮಗ್ಗದ ಫೋಟೋ ಯಾಕ ಬೇಕು ಅವರಿಗೆ?" ಲೆಕ್ಕ, ಹಂತ, ಮಧ್ಯಾಹ್ನದ ಜನ ಎಂದು ನಾನು ಏನೇನೋ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಆ ಹಿಂದೆ ಬಂದು ಹೋದವರ ಮಾತಿನಂತೆ ಕೇಳಿಸತೊಡಗಿತು. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಯಾರೂ ನನಗೆ ಬಿರುಸು ಮಾತಾಡಲಿಲ್ಲ. ಒಬ್ಬಳು ಹೋಗುವಾಗ ಊಟ ಮಾಡಿಕೊಂಡು ಹೋಗು ಎಂದೂ ಹೇಳಿದಳು.

ಉಳಿದದ್ದು ಅಕ್ಕ. "ನೀನರ ಮಾಡಕ್ಕ" ಎಂದೆ. ಅಕ್ಕ ಹಾಳೆಯನ್ನು ಕೈಗೆ ತೆಗೆದುಕೊಂಡು ಓದಿದಳು. ನಾಲ್ಕನೇ ಇಯತ್ತೆ ಓದಿದವಳು, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದಳು. "ನಾ ಒಬ್ಬಾಕಿ ಮಾಡಿದ್ರ ಬಣ್ಣ ಬರತೈತೇನು?" ನಾನು ಸುಳ್ಳು ಹೇಳಬಹುದಿತ್ತು. ಬಣ್ಣದವರು ಓಣಿ ಲೆಕ್ಕದಲ್ಲಿ ಬರುತ್ತಾರೆ, ಒಂದು ಮನೆಗಾಗಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. "ಇಲ್ಲ" ಎಂದೆ. "ಮತ್ತ? ಬಣ್ಣಾನೂ ಬರಂಗಿಲ್ಲ, ಇಡೀ ಓಣ್ಯಾಗ ಮಗ್ಗ ಇರೂದು ನನ್ನ ಮನ್ಯಾಗ ಒಂದ ಅಂತ ಆಕ್ಕೈತಿ. ನಾಳೆ ಎಳಿ ಹರದು ಕೈ ಕಟ್ಟಿ ಕುಂತ್ರ ನನ್ನ ಬಾಗಲಕ ಯಾರ ಬರ್ತಾರ?" ಹಾಳೆಯನ್ನು ಮಡಚಿ ನನ್ನ ಚೀಲದಲ್ಲಿ ಇಟ್ಟಳು. ಆಮೇಲೆ ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, "ನೀ ಬರದದ್ದು ನಮ್ಮ ಸಲುವಾಗಿನ ಅಲ್ಲೇನ. ಅದನ್ನ ಮನಸಿಗೆ ಹಚಗೋಬ್ಯಾಡ" ಎಂದು ಬೆನ್ನು ಸವರಿದಳು. ಆ ಕೈ ತೆಗೆಯಬಾರದೇ ಎಂದು ನನಗಾಯಿತು.

ಆ ಎಂಟು ದಿನಗಳಲ್ಲಿ ಇನ್ನೂ ಮೂರು ಸಲ ಹೋದೆ. ಕೊನೆಯ ದಿನ ಮೇಡಂ ಫೋನ್ ಮಾಡಿ, ಏನಾಯ್ತು ಎಂದು ಕೇಳಿದರು. ಏನೂ ಆಗಲಿಲ್ಲ ಎಂದೆ. ಪಟ್ಟಿ ಇದ್ದಂತೆಯೇ ಮೇಲೆ ಹೋಯಿತು.

ಶಿವರಾತ್ರಿಯ ಹೊತ್ತಿಗೆ ನಮ್ಮ ಕಾಲನಿಗೆ ಬಣ್ಣದವರು ಬಂದರು. ಎರಡು ಕೈ ಬಳಿದು ಹೋದರು. ಮಾಳಿಗೆ ಕಣ್ಣಿಗೆ ಹೊಡೆಯುವಷ್ಟು ಬೆಳ್ಳಗಾಯಿತು. ಅವರ ಡಬ್ಬಿಯಲ್ಲಿ ಒಂದಿಷ್ಟು ಉಳಿದರೆ ಕೊಡುತ್ತೀರಾ ಎಂದು ನಾಚಿಕೆ ಬಿಟ್ಟು ಕೇಳಿದೆ. ಲೆಕ್ಕದ ಮಾಲು, ಆಗುವುದಿಲ್ಲ ಎಂದರು. ಅಂಥ ಬಣ್ಣ ಪೇಟೆಯಲ್ಲಿ ಸಿಕ್ಕರೂ ನನ್ನಂಥವಳು ಒಂದು ಇಡೀ ಶೆಡ್ಡಿಗೆ ತರುವಂತಿರಲಿಲ್ಲ. ಅಕ್ಕನ ತಗಡಿಗೆಂದು ಸುಣ್ಣ ಕೊಂಡು ಒಯ್ದೆ. ಅದಕ್ಕೆ ಅಂಟು ಬೆರೆಸಿ, ಒಂದು ಭಾನುವಾರ ಮುಂಜಾನೆ ಮಾವ ಏಣಿ ಹಾಕಿ ಮೇಲೆ ಹತ್ತಿ ಬಳಿದ. ನಾನು ಕೆಳಗಿನಿಂದ ಬಕೆಟ್ಟು ಕೊಟ್ಟೆ. ಓಣಿಯವರು ನಿಂತು ನೋಡಿದರು. ಎರಡು ದಿನ ಒಳಗೆ ಖರೇ ತಂಪಾಯಿತಂತೆ, ಅಕ್ಕ ಫೋನ್ ಮಾಡಿ ಹೇಳಿದಳು. ಅವತ್ತು ನಾನು ಎಷ್ಟೋ ದಿನಗಳ ಮೇಲೆ ನೆಮ್ಮದಿಯಿಂದ ಉಂಡೆ.

ಸುಣ್ಣ ಗೋಡೆಗೆ ಹಿಡಿಯುತ್ತದೆ, ತಗಡಿಗೆ ಹಿಡಿಯುವುದಿಲ್ಲ. ಅದೂ ಕೆಳಗೆ ಎರಡು ಮಗ್ಗ ಹಗಲೆಲ್ಲ ನಡುಗಿಸುವ ತಗಡು. ಒಂದು ವಾರಕ್ಕೆ ಹಪ್ಪಳದಂತೆ ಎದ್ದು, ತಗಡಿನ ಸಂದಿಯಿಂದ ಚೂರು ಚೂರಾಗಿ ಮಗ್ಗಕ್ಕೆ ಹೂಡಿದ ಹಾಸಿನ ಎಳೆಗಳ ಮೇಲೆ ಉದುರತೊಡಗಿತು. ಕೆಂಪು ಸೀರೆಯ ಹಾಸು. ಆ ಸೀರೆಯನ್ನು ವ್ಯಾಪಾರಿ ವಾಪಸು ಕಳಿಸಿದ. ನಾನು ಹೋದಾಗ ಅಕ್ಕ ತಾನೇ ಏಣಿಯ ಮೇಲೆ ನಿಂತು ಕಸಬರಿಗೆಯಿಂದ ಸುಣ್ಣ ತಿಕ್ಕಿ ತೆಗೆಯುತ್ತಿದ್ದಳು. ಕೆಳಗೆ ನಿಂತು ಏಣಿ ಹಿಡಿದೆ.

ಯುಗಾದಿ ಮುಗಿದು ಎರಡು ವಾರವಾಗಿತ್ತು. ಮಧ್ಯಾಹ್ನ ಮಾವನ ಫೋನು. ಅಕ್ಕ ಮಗ್ಗದ ಮುಂದೆ ಬಿದ್ದಿದ್ದಳು. ಈ ಸಲ ತಾನಾಗಿ ಎದ್ದಿರಲಿಲ್ಲ. ನಾನು ದವಾಖಾನೆ ಮುಟ್ಟುವ ಹೊತ್ತಿಗೆ ಸಲೈನ್ ಹಚ್ಚಿದ್ದರು. ಮುಖ ಸುಟ್ಟ ಇಟ್ಟಂಗಿಯ ಬಣ್ಣ. ತುಟಿ ಒಡೆದಿತ್ತು. ಡಾಕ್ಟರು ಹುಡುಗ, ಕೆಲಸದ ಗಡಿಬಿಡಿಯಲ್ಲಿದ್ದ.

"ಬಿಸಲಾಗ ಹೋಗಿದ್ರೇನ್ರಿ?" ಎಂದು ಕೇಳಿದ.

"ಇಲ್ರಿ. ಮನ್ಯಾಗ ಇದ್ದೆ."

"ಮನ್ಯಾಗ ಎಲ್ಲಿ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ಸಾಮಾನಿನ ಕ್ವಾಣ್ಯಾಗ್ರಿ" ಎಂದಳು.

ನಾನು ಟ್ಯಾಬಿನಲ್ಲಿ ಒತ್ತಿದ ಶಬ್ದ ಅದು. ಅವಳ ಮನೆಯಲ್ಲಿ ಆ ಕೋಣೆಯನ್ನು ಯಾರೂ ಎಂದೂ ಹಾಗೆ ಕರೆದವರಲ್ಲ. ಕಾಗದ ಹಿಡಿದವನು ಕೇಳಿದಾಗ ಹೇಳಬೇಕಾದ ಉತ್ತರವೆಂದು ಅವಳು ಅದನ್ನು ಕಲಿತಿಟ್ಟುಕೊಂಡಿದ್ದಳು. ನನಗೆ ತಡೆಯಲಾಗಲಿಲ್ಲ. "ಮಗ್ಗ ನೇಯತಾಳ್ರಿ. ತಗಡಿನ ಕೆಳಗ, ಕಿಟಕಿ ಹಾಕ್ಕೊಂಡು, ಮುಂಜಾನಿಂದ ಸಂಜಿತನಕ" ಎಂದು ಜೋರಾಗಿ ಹೇಳಿದೆ. ಪಕ್ಕದ ಮಂಚದವರು ತಿರುಗಿ ನೋಡಿದರು. ಡಾಕ್ಟರ್ ಹೌದೇನ್ರಿ ಎಂದು ಗುಳಿಗೆ ಬರೆಯತೊಡಗಿದ. ಅವನಿಗೆ ಎರಡೂ ಒಂದೇ. "ಏನರ ಇರಲಿ, ಇನ್ನ ಎಂಟ ದಿವಸ ತಂಪಿನ ಜಾಗಾದಾಗ ಇಡ್ರಿ. ಮತ್ತ ಹಿಂಗ ಬಿದ್ರ ಭಾಳ ತ್ರಾಸ ಆಕ್ಕೈತಿ" ಎಂದ. ಖರೇ ಮಾತನ್ನು ನಾನು ಕೊನೆಗೂ ಹೇಳಿದ್ದೆ, ಅದರಿಂದ ಯಾರಿಗೂ ಏನೂ ಆಗದ ಜಾಗದಲ್ಲಿ.

ತಂಪಿನ ಜಾಗ ಎಂದರೆ ನಮ್ಮ ಮನೆಯೇ. ಸಂಜೆ ಮಾವನ ಟಂಟಂನಲ್ಲೇ ಅಕ್ಕನನ್ನು ಜಮಖಂಡಿಗೆ ಕರೆತಂದೆವು. ಅತ್ತೆಯ ಮಂಚದ ಪಕ್ಕ ಹಾಸಿಗೆ ಹಾಸಿದೆ. ಅವಳು ಎರಡು ದಿನ ಮಲಗಿದಳು. ಹಗಲಿನಲ್ಲಿ ಅಷ್ಟು ಹೊತ್ತು ಅವಳು ಮಲಗಿದ್ದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿರಲಿಲ್ಲ. ಮಧ್ಯಾಹ್ನ ಹೊರಗೆ ಡಾಂಬರು ಕರಗುವ ಬಿಸಿಲು, ಒಳಗೆ ಹಿತವಾಗಿತ್ತು. ನಾವು ಕಟ್ಟಿದ ಕಂಪ್ಯೂಟರ್ ಊರು ಸುಳ್ಳಾಡಿರಲಿಲ್ಲ. ಬಣ್ಣ ಬಳಿದರೆ ಮನೆ ತಂಪಾಗುತ್ತದೆ ಎಂದಿತ್ತು, ಆಗಿತ್ತು. ನಾನು ಅವಳ ತಲೆಯ ಹತ್ತಿರ ಕೂತು, ಇನ್ನು ಏಳು ದಿನ, ಇನ್ನು ಆರು ದಿನ ಎಂದು ಎಣಿಸುತ್ತಿದ್ದೆ. ಆಮೇಲೆ ಏನು ಎಂಬುದನ್ನು ಎಣಿಸುತ್ತಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಅವಳು ಎದ್ದು ಗೋಡೆಗೆ ಒರಗಿ ಕೂತು, ಮಜ್ಜಿಗೆ ಅನ್ನ ಉಂಡಳು. ಮುಖಕ್ಕೆ ಅವಳ ಬಣ್ಣ ತಿರುಗಿ ಬಂದಿತ್ತು. ಕತ್ತೆತ್ತಿ ಮೇಲೆ ನೋಡಿದಳು.

"ಫ್ಯಾನ್ ಹಾಕಲಾರದನ ಎಷ್ಟ ತಂಪ ಐತಿ ಬೇ ನಿಮ್ಮನಿ."

"ಹೂಂ ಅಕ್ಕ."

"ನಮ್ಮ ಓಣಿಗೆ ಬರಲಾರದ ಬಣ್ಣ ನಿಮ್ಮ ಓಣಿಗೆ ಹೆಂಗ ಬಂತು?"

ಅವಳಿಗೆ ಕುಹಕ ಗೊತ್ತಿಲ್ಲ. ಖರೇ ತಿಳಿಯದೆ ಕೇಳಿದ್ದಳು. ನಾನು ಅವಳ ತಾಟು ತೆಗೆದು ಬದಿಗಿಟ್ಟೆ. ಮಂಚದ ಮೇಲೆ ಅತ್ತೆ ಕಣ್ಣು ಮುಚ್ಚಿದ್ದರು, ಕೇಳಿಸಿಕೊಳ್ಳುತ್ತಿದ್ದರು ಎಂದು ನನಗೆ ಗೊತ್ತಿತ್ತು.

"ನಮ್ಮನಿದು ಇದ್ದದ್ದ ಇದ್ದಂಗ ಬರದಿದ್ದೆ ಅಕ್ಕ" ಎಂದೆ.

ಅಕ್ಕ ತನ್ನ ಕೈ ನೋಡಿಕೊಂಡಳು. ಗೋಡೆಯ ಕಡೆ ತಿರುಗಿ ಮಲಗಿದಳು. ನಿದ್ದೆ ಹತ್ತಿತು ಎಂದುಕೊಂಡು ನಾನು ತಾಟು ಹಿಡಿದು ಏಳುವಾಗ ಅವಳು ಆ ಕಡೆಯೇ ಮುಖ ಇಟ್ಟುಕೊಂಡು ಕೇಳಿದಳು: "ಬನಹಟ್ಟಿಗೆ ಮುಂಜಾನಿ ಮೊದಲನೇ ಬಸ್ ಎಷ್ಟಕ್ಕ ಐತಿ? ಹಾಸ ಅರ್ಧಾ ಬಿಟ್ಟ ಬಂದೇನಿ."

ಎಂಟು ದಿನ ಎಂದು ಡಾಕ್ಟರ್ ಹೇಳಿದ್ದ, ಇರು ಎನ್ನಬೇಕಿತ್ತು. ಎಂಟು ದಿನ ಇರಿಸಿಕೊಂಡು ಒಂಬತ್ತನೇ ದಿನ ಅವಳನ್ನು ಯಾವ ಮಾಳಿಗೆಯ ಕೆಳಗೆ ಕಳಿಸಲಿ? ಬಸ್ಸಿನ ಹೊತ್ತು ನನಗೆ ಬಾಯಿಪಾಠವಿತ್ತು. ಹೇಳಿದೆ.